ಉಪ್ಪಿನ ಕರವೂ ಬಡವರ ಭಾರವೂ

ಕರವನ್ನೆತ್ತದೆ ಯಾವ ರಾಜ್ಯವೂ ನಡೆಯಲಾರದು. ಪರಂತು ಆ ಭಾರವು ಯಾರ ಹೆಗಲ ಮೇಲೆ ಎಷ್ಟೆಷ್ಟು ಬೀಳುವುದೆಂಬುದನ್ನು ವಿಚಾರಿಸಿದರೆ ಆಳುವವರ ನ್ಯಾಯಾನ್ಯಾಯಗಳು ತಾವಾಗಿಯೇ ಗೋಚರವಾಗುವುವು. ಆಂಗ್ಲರ ಆಳಿಕೆಯಲ್ಲಿ ಹಿಂದೂಸ್ಥಾನದ ಉಪ್ಪಿನ ಮೇಲಿದ್ದ ಕರವು ಇದಕ್ಕೆ ತಕ್ಕ ನಿದರ್ಶನವಾಗಿದೆ.

ಧನಿಕನಾದರೂ ಬಡವನಾದರೂ ಉಣ್ಣುವ ಉಪ್ಪು ಹೆಚ್ಚುಕಡಿಮೆ ಒಂದೇ ಅಳತೆಯದು. ಬಿಸಿಲಿನಲ್ಲಿ ಬೆವರಿಳಿಸಿ ದುಡಿಯುವವನಿಗೂ ಅವನ ಎತ್ತುಗಳಿಗೂ ಅದು ತುಸು ಅಧಿಕವಾಗಿಯೇ ಬೇಕು. ಕರವಿಲ್ಲದ ಅಗ್ಗದ ಉಪ್ಪು ಒಳನುಗ್ಗದಂತೆ ತಡೆಯಲು ಸಿಂಧೂನದಿಯಿಂದ ಮಹಾನದಿಯವರೆಗೆ ಸುಂಕದ ಗಡಿಯೊಂದನ್ನು ಹಾಕಲಾಗಿದ್ದಿತು. 1869ರಲ್ಲಿ ಅದರ ಉದ್ದವು ಸುಮಾರು 2,300 ಮೈಲು. ಕಾವಲುಗಾರರು ಸುಮಾರು 12,000 ಮಂದಿ. ಬಹುದೂರದವರೆಗೆ ಮುಳ್ಳುಬೇಲಿಯನ್ನೇ ಬೆಳೆಸಿದ್ದರು. 1879ರಲ್ಲಿ ಈ ಗಡಿಯು ಹೋಯಿತು. ಕರವು ಮಾತ್ರ ಉಳಿಯಿತು.

ಭೂಮಿಯಿಲ್ಲದ ಕೂಲಿಯವನು ಬೇರೆ ಕರವನ್ನು ಕೊಡುವುದಿಲ್ಲವಾದ್ದರಿಂದ ಉಪ್ಪಿನ ಮೂಲಕವಾದರೂ ಕೊಡಲೆಂಬುದು ಅಧಿಕಾರಿಗಳ ವಾದವಾಗಿದ್ದಿತು. ಆದರೆ ಈ ನ್ಯಾಯವನ್ನು ಅವರು ಉಳ್ಳವರಿಗೆ ಅನ್ವಯಿಸಲಿಲ್ಲ. 1882ರಲ್ಲಿ ಲಂಕಾಶೈರಿನ ಗಿರಣಿಗಳಿಗೆ ಅನುಕೂಲವಾಗುವಂತೆ ಪರದೇಶದ ಹತ್ತಿಬಟ್ಟೆಯ ಮೇಲಿನ ಸುಂಕವು ರದ್ದಾಯಿತು. 1886ರ ವರಮಾನ ತೆರಿಗೆಯ ಕಾನೂನಿನಲ್ಲಿ ಬೇಸಾಯದ ಉತ್ಪನ್ನವನ್ನು ಹೊರಗಿಟ್ಟುದರಿಂದ, 1793ರ ಕಾಯಂ ಜಮಾಬಂದಿಯಿಂದ ಮೊದಲೇ ಲಾಭ ಹೊಂದಿದ್ದ ಬಂಗಾಳದ ದೊಡ್ಡ ಜಮೀನುದಾರರು ಗೇಣಿಯ ಹಣಕ್ಕೆ ತೆರಿಗೆ ಕೊಡದೆ ಉಳಿದರು. ಎರಡೇ ವರ್ಷಗಳ ತರುವಾಯ, 1888ರಲ್ಲಿ, ಉಪ್ಪಿನ ಕರವು ಮಣಕ್ಕೆ 2 ರೂಪಾಯಿಯಿಂದ 2½ ರೂಪಾಯಿಗೆ ಏರಿತು. ಮಣಕ್ಕೆ 40 ಸೇರಾದುದರಿಂದ ಸೇರಿಗೆ ಒಂದಾಣೆಯಾಯಿತು. ಜಮೀನುದಾರನಿಗೆ ಈ ಆಣೆಯು ಲೆಕ್ಕಕ್ಕೇ ಬಾರದು. ಕೂಲಿಯವನಿಗೆ ಅದು ಮಕ್ಕಳ ಬಾಯಿಂದ ಕಿತ್ತುಕೊಂಡ ತುತ್ತು.

1902ರಲ್ಲಿ ಗೋಪಾಲಕೃಷ್ಣ ಗೋಖಲೆಯವರು ವೈಸರಾಯರ ಶಾಸನಸಭೆಯಲ್ಲಿ ಈ ಅನ್ಯಾಯವನ್ನು ಎತ್ತಿ ಆಡಿದರು. 1903ರಿಂದ ಕರವು ಇಳಿಯುತ್ತ 1907ರಲ್ಲಿ ಒಂದು ರೂಪಾಯಿಗೆ ಬಂದಿತು. ಆದರೆ 1923ರಲ್ಲಿ, ಬೊಕ್ಕಸದ ಕೊರತೆಯನ್ನು ತುಂಬಲೆಂದು, ಕೇಂದ್ರ ಶಾಸನಸಭೆಯು ನಿರಾಕರಿಸಿದಾಗ್ಯೂ ವೈಸರಾಯ್ ರೀಡಿಂಗರು ತಮ್ಮ ವಿಶೇಷಾಧಿಕಾರದಿಂದ ಅದನ್ನು ಮತ್ತೆ 2½ ರೂಪಾಯಿಗೆ ಏರಿಸಿದರು; ಮರುವರ್ಷ ಅದನ್ನು ಇಳಿಸಬೇಕಾಯಿತು.

ಗಾಂಧೀಜಿಯವರು 1930ರ ಏಪ್ರಿಲ್ 6ರಂದು ದಾಂಡಿಯಲ್ಲಿ ಉಪ್ಪನ್ನೆತ್ತಿದರು. ಅದೇ ತಿಂಗಳ 13ರಂದು ನಮ್ಮ ಅಂಕೋಲೆಯ ಕಡಲತೀರದಲ್ಲಿಯೂ ಜನರು ಆ ಕಾನೂನನ್ನು ಮುರಿದರು. 1947ರಲ್ಲಿ ಕರವು ರದ್ದಾಯಿತು.

ಎಲ್ಲರಿಗೂ ಒಂದೇ ದರವೆಂಬ ಮಾತು ಕೇಳುವುದಕ್ಕೆ ನ್ಯಾಯವಾಗಿಯೇ ತೋರುವುದು. ಆದರೆ ತೂಕವನ್ನು ನೋಡಿದರೆ ಸಾಲದು, ಹೊರುವವನ ಬಲವನ್ನೂ ನೋಡಬೇಕು. ಅದನ್ನು ನೋಡದ ಸಮತ್ವವು ಉಳ್ಳವರ ಪಕ್ಷಪಾತವೇ ಆಗುವುದೆಂಬುದನ್ನು ಈ ಇತಿಹಾಸವು ತಿಳಿಸುತ್ತದೆ.