ಅಮ್ಮನ ಲೆಕ್ಕದ ಪುಸ್ತಕ

ಅಮ್ಮ ತೀರಿಕೊಂಡ ಮೇಲೆ ಮನೆ ಖಾಲಿ ಮಾಡುವಾಗ ಅಪ್ಪನ ಕಾಗದಪತ್ರಗಳನ್ನೆಲ್ಲ ಟ್ರಂಕಿನಲ್ಲಿ ಜೋಡಿಸಿ ಬೀಗ ಹಾಕಿದೆವು. ಅಮ್ಮನ ಲೆಕ್ಕದ ಪುಸ್ತಕಗಳನ್ನು ಹಳೇ ಪೇಪರಿನವನಿಗೆ ತೂಕಕ್ಕೆ ಹಾಕಿದೆವು. ಹಾಲಿನ ಲೆಕ್ಕ, ಸೊಪ್ಪಿನವಳ ಬಾಕಿ, ಯಾರ ಮದುವೆಗೆ ಎಷ್ಟು ಮುಯ್ಯಿ. ಇಟ್ಟುಕೊಳ್ಳುವಂಥದ್ದು ಅದರಲ್ಲೇನಿದೆ ಎಂದವಳು ನಾನೇ. ಅದೂ ಕಾಲೇಜಿನಲ್ಲಿ ಇತಿಹಾಸ ಪಾಠ ಹೇಳುತ್ತಿದ್ದವಳು!

ನಾನು ಮಾಡಿದ್ದು ಎಂಥ ಕೆಲಸವೆಂದು ತಿಳಿದದ್ದು ಸ್ವೀಡನ್ ದೇಶದ ಕೆಲವು ವಿದುಷಿಯರ ಕಥೆ ಓದಿದಾಗ.

ಅಲ್ಲಿನ ಉಪ್ಸಲಾ ವಿಶ್ವವಿದ್ಯಾಲಯ ಶುರುವಾದದ್ದು 1477ರಲ್ಲಿ. ಆ ದೇಶದ ಹೆಣ್ಣುಮಗಳೊಬ್ಬಳು ಅಲ್ಲಿ ಡಾಕ್ಟರೇಟ್ ಪಡೆಯಲು ನಾನೂರು ವರ್ಷಕ್ಕೂ ಮೇಲೆ ಹಿಡಿಯಿತು. 1883ರಲ್ಲಿ ಅದನ್ನು ಸಾಧಿಸಿದವರು ಎಲೆನ್ ಫ್ರೀಸ್. ಅವರ ವಿಷಯವೂ ಇತಿಹಾಸವೇ. ಹತ್ತನೆಯ ಕಾರ್ಲ್ ಗುಸ್ತಾವ್ ದೊರೆಯ ಕಾಲದಲ್ಲಿ ಸ್ವೀಡನ್ನಿಗೂ ನೆದರ್‌ಲ್ಯಾಂಡ್ಸಿಗೂ ಇದ್ದ ರಾಜತಾಂತ್ರಿಕ ಸಂಬಂಧವನ್ನು ಅವರು ಅಭ್ಯಸಿಸಿದರು. ಆಗ ಇತಿಹಾಸವೆಂದರೆ ರಾಜರದು, ರಾಯಭಾರಿಗಳದು.

ಪದವಿಯೇನೋ ಬಂತು, ವಿಶ್ವವಿದ್ಯಾಲಯದಲ್ಲಿ ಹುದ್ದೆ ಸಿಗಲಿಲ್ಲ. ಸರಕಾರಿ ಹುದ್ದೆಗಳ ಬಾಗಿಲು ಹೆಂಗಸರಿಗೆ ಬಹುಮಟ್ಟಿಗೆ ತೆರೆದದ್ದು 1923ರ ಕಾಯಿದೆಯಿಂದ. ಎಲೆನ್ ಸ್ಟಾಕ್‌ಹೋಮಿನ ಹೆಣ್ಣುಮಕ್ಕಳ ಶಾಲೆಯಲ್ಲಿ ಪಾಠ ಹೇಳಿದರು. 1890-91ರಲ್ಲಿ ಹೆಸರಾಂತ ಮಹಿಳೆಯರ ಬಗೆಗೆ ಎರಡು ಸಂಪುಟ ಬರೆದರು. 1900ರಲ್ಲಿ, ಇನ್ನೂ ನಲವತ್ತೈದು ತುಂಬುವ ಮೊದಲೇ, ಹೋಗಿಬಿಟ್ಟರು.

ಹೆಸರಾಂತರ ಮಾತು ಸರಿ; ಹೆಸರಿಲ್ಲದವರ ಗತಿ? 1958ರಲ್ಲಿ ಗೋಥೆನ್‌ಬರ್ಗ್ ನಗರದಲ್ಲಿ ಆಸ್ಟಾ ಎಕೆನ್‌ವಾಲ್, ರೋಸಾ ಮಾಲ್ಮ್‌ಸ್ಟ್ರೋಮ್, ಈವಾ ಪಿನೆಯುಸ್ ಎಂಬ ಮೂವರು ಮಹಿಳೆಯರು ಸೇರಿ ಮಹಿಳಾ ಇತಿಹಾಸದ ದಾಖಲೆ ಸಂಗ್ರಹವೊಂದನ್ನು ಕಟ್ಟಿದರು. ಹೆಂಗಸರ, ಅವರ ಸಂಘಗಳ ಕಾಗದಪತ್ರಗಳಿಗೆ ಒಂದು ನೆಲೆಯಾಯಿತು. ಮುಂದೆ ಅದು ವಿಶ್ವವಿದ್ಯಾಲಯದ ಗ್ರಂಥಾಲಯಕ್ಕೇ ಸೇರಿತು. ಅದೇ ಊರಿನ ಗುನ್‌ಹಿಲ್ಡ್ ಕ್ಯೂಲೆ 1972ರಲ್ಲಿ, ಎಲೆನ್ ಪಾಠ ಹೇಳಿದಂಥ ಹತ್ತೊಂಬತ್ತನೆಯ ಶತಮಾನದ ಹೆಣ್ಣುಮಕ್ಕಳ ಶಾಲೆಗಳ ಮೇಲೆ ಗ್ರಂಥ ಬರೆದರು. 1984ರಲ್ಲಿ ಮಹಿಳಾ ಇತಿಹಾಸಕ್ಕೆ ಆ ದೇಶದ ಮೊದಲ ಪ್ರಾಧ್ಯಾಪಕಿಯಾದರು.

1988ರಲ್ಲಿ ಇವೊನ್ ಹಿರ್ಡ್‌ಮನ್ ಎಂಬ ಇತಿಹಾಸಕಾರ್ತಿ ಒಂದು ಲೇಖನ ಬರೆದರು. ಗಂಡು ಹೆಣ್ಣಿನ ಕೆಲಸ, ಜಾಗ, ಗುಣ ಎಲ್ಲವನ್ನೂ ಸಮಾಜ ಮೊದಲು ಬೇರೆಬೇರೆ ಮಾಡಿ ಇಡುತ್ತದೆ. ಆಮೇಲೆ ಗಂಡಿನದನ್ನೇ ಅಳತೆಗೋಲು ಮಾಡಿಕೊಳ್ಳುತ್ತದೆ ಎಂಬುದು ಅದರ ತಿರುಳು. ಓದುತ್ತ ನನ್ನ ಕೈ ಅಲ್ಲೇ ನಿಂತಿತು. ಅಪ್ಪನದು ದಾಖಲೆ, ಅಮ್ಮನದು ರದ್ದಿ ಎಂದು ವಿಂಗಡಿಸಿದ್ದು ಇದೇ ಕೈಯಲ್ಲವೇ?

ಹೋದದ್ದು ಹೋಯಿತು. ಆದರೆ ಹಿಟ್ಟಿನ ಡಬ್ಬಿಗಳ ಅಡಿಗೆ ಹಾಸಿದ್ದ ಒಂದು ಪುಸ್ತಕ ಹೇಗೋ ಉಳಿದು ನನ್ನ ಮನೆಗೆ ಬಂದಿತ್ತು. ತೆಗೆದು ನೋಡಿದೆ. 1974ನೇ ಇಸವಿಯದು. ಮಜ್ಜಿಗೆಯ ಕಲೆಯಾದ ಒಂದು ಪುಟದಲ್ಲಿ, ಬೇಳೆಗೂ ಸೀಮೆಎಣ್ಣೆಗೂ ನಡುವೆ, ಅಮ್ಮನ ದುಂಡು ಅಕ್ಷರದಲ್ಲಿ ಒಂದು ಸಾಲು: ‘ಇವಳ ಪರೀಕ್ಷೆ ಫೀಸಿಗೆ ಬಳೆ ಒತ್ತೆ.’

ಅಪ್ಪನ ಟ್ರಂಕನ್ನು ಪೂರಾ ಹುಡುಕಿದೆ. ಆ ಬಳೆಯ ಸುದ್ದಿ ಅದರಲ್ಲೆಲ್ಲೂ ಇರಲಿಲ್ಲ. ನಾನು ಇತಿಹಾಸ ಓದಿದ್ದು ಹೇಗೆ ಎಂಬುದಕ್ಕೆ ಇರುವ ದಾಖಲೆ ಇದೊಂದೇ.

ಈಗ ಅದನ್ನು ಟ್ರಂಕಿನಲ್ಲಿ ಎಲ್ಲಕ್ಕಿಂತ ಮೇಲೆ ಇಟ್ಟಿದ್ದೇನೆ. ನಿಮ್ಮ ಮನೆಯ ಅಟ್ಟವನ್ನೂ ಒಮ್ಮೆ ನೋಡಿಕೊಳ್ಳಿ.