ಬ್ಯಾಟರಿ ಕಿತ್ತ ಮೇಲೂ ಕೆಂಪಗಿರುವ ತಂತಿ

ಬ್ಯಾಂಕಿನವನಿಗೆ ಮಾಡೆಲ್ ವಿಮಾನದ ಇಂಜಿನ್ ಉಸಾಬರಿ ಯಾಕೆ ಅಂತ ಕೇಳಬೇಡಿ. ಬೆಂಗಳೂರಲ್ಲಿ ಬಿ.ಕಾಂ. ಓದುವಾಗ ಎನ್‌ಸಿಸಿಯ ಏರ್ ವಿಂಗ್‌ನಲ್ಲಿದ್ದೆ. ಹರಳೆಣ್ಣೆ ಸುಟ್ಟ ವಾಸನೆ ಆಗ ಮೂಗಿಗೆ ಹತ್ತಿದ್ದು, ಮುಂಬೈ ಸೇರಿ ಮೂವತ್ತು ವರ್ಷವಾದರೂ ಬಿಟ್ಟಿಲ್ಲ! ಗ್ಲೋ ಇಂಜಿನ್ ಸ್ಟಾರ್ಟೇ ಆಗಲ್ಲ, ಆದರೂ ಮರುಕ್ಷಣ ನಿಂತುಹೋಗುತ್ತೆ ಅನ್ನೋದು ಈ ಹವ್ಯಾಸದವರ ಹಳೇ ಗೋಳು. ಆ ಗೋಳಿನ ಮೂಲ ಅದು ಹುಟ್ಟಿದ ರೀತಿಯಲ್ಲೇ ಇದೆ.

1930ರ ದಶಕದ ಅಮೆರಿಕದಲ್ಲಿ ಬ್ರೌನ್ ಜೂನಿಯರ್ ಅಂತ ಸುಮಾರು 10 ಸಿ.ಸಿ.ಯ ಇಂಜಿನ್ ಬಂತು. ನಮ್ಮ ಹಳೇ ಸ್ಕೂಟರಿನ ಹಾಗೆ ಸ್ಪಾರ್ಕ್ ಪ್ಲಗ್. ಕಿಡಿ ಬೇಕಂದ್ರೆ ಕಾಯಿಲ್, ಕಂಡೆನ್ಸರ್, ಪಾಯಿಂಟ್, ಬ್ಯಾಟರಿ ಎಲ್ಲ ಬೇಕು. ಅಷ್ಟನ್ನೂ ಹೊತ್ತು ಬಾಲ್ಸಾ ಮರದ ವಿಮಾನ ಏಳಬೇಕು, ಪಾಪ! ಆದರೆ ಒಂದು ಅನುಕೂಲವಿತ್ತು. ಕಿಡಿ ಯಾವ ಕ್ಷಣಕ್ಕೆ ಹಾರಬೇಕು ಅನ್ನೋದನ್ನ ಸಣ್ಣ ಲಿವರ್‌ನಿಂದ ಹಿಂದೆ ಮುಂದೆ ಮಾಡಬಹುದಿತ್ತು.

1947ರಲ್ಲಿ ರೇ ಆರ್ಡನ್ ಗ್ಲೋ ಪ್ಲಗ್ಗನ್ನು ಮಾರುಕಟ್ಟೆಗೆ ತಂದ. ಅದರ ಹಿಂದಿನ ವಿಜ್ಞಾನ ಇನ್ನೂ ಹಳೇದು. ಅನಿಲ ಮತ್ತು ಗಾಳಿಯ ಮಿಶ್ರಣದಲ್ಲಿಟ್ಟ ಬಿಸಿ ಪ್ಲಾಟಿನಂ ತಂತಿ ಜ್ವಾಲೆಯಿಲ್ಲದೆ ಕೆಂಪಗೇ ಉಳಿಯುತ್ತೆ ಅಂತ ಹಂಫ್ರಿ ಡೇವಿ 1817ರಲ್ಲೇ ತೋರಿಸಿದ್ದ. ಗ್ಲೋ ಪ್ಲಗ್‌ನಲ್ಲಿ ನಡೆಯೋದೂ ಅದೇ: ಪ್ಲಾಟಿನಂ ಸುರುಳಿ, ಪೆಟ್ರೋಲ್ ಬದಲು ಮೆಥನಾಲ್. ಶುರುವಿಗೆ ಒಂದೂವರೆ ವೋಲ್ಟಿನ ಸೆಲ್ ಹಚ್ಚಿದರೆ ಸಾಕು. ಆಮೇಲೆ ವೈರ್ ಕಿತ್ತರೂ ಸ್ಫೋಟದ ಬಿಸಿ ಮತ್ತು ಪ್ಲಾಟಿನಂ-ಮೆಥನಾಲ್ ಕ್ರಿಯೆಯಿಂದ ತಂತಿ ಕೆಂಪಗಿರುತ್ತೆ. ಮೆಥನಾಲ್ ಜೊತೆಗೆ ಹರಳೆಣ್ಣೆ ಚೆನ್ನಾಗಿ ಬೆರೆಯುತ್ತೆ, ಬಿಸಿಗೂ ಜಗ್ಗಲ್ಲ.

ಭಾರವೆಲ್ಲ ಹೋಯಿತು. ಆದರೆ ಆ ಲಿವರ್ರೂ ಹೋಯಿತು ನೋಡಿ! ಈಗ ಬೆಂಕಿ ಯಾವಾಗ ಹೊತ್ತಬೇಕು ಅನ್ನೋದನ್ನ ಪ್ಲಗ್ಗು, ಇಂಧನ, ಒತ್ತಡ ಸೇರಿ ತೀರ್ಮಾನಿಸುತ್ತವೆ. ಹಾರಿಸುವವನ ಕೈಯಲ್ಲಿ ಉಳಿದದ್ದು ಮುಖ್ಯವಾಗಿ ಇಂಧನದ ನೀಡಲ್ ಒಂದೇ.

ಹಾಗಾಗಿ ಇಂಜಿನ್ ಮುನಿಸಿಕೊಂಡಾಗ ಮೊದಲು ಪ್ಲಗ್ ಬಿಚ್ಚಿ ಸೆಲ್ ಹಚ್ಚಿ ನೋಡಿ. ತಂತಿ ಹೊಳೆಯುವ ಕಿತ್ತಳೆ ಬಣ್ಣಕ್ಕೆ ಬರಬೇಕು. ಮಂಕಾಗಿದ್ದರೆ ಬಹುಶಃ ಸೆಲ್ ಸೊರಗಿದೆ. ಒಂದು ಕ್ಷಣ ಬುರ್ರೆಂದು ನಿಂತರೆ ಸಾಮಾನ್ಯವಾಗಿ ಇಂಧನ ಸಾಲುತ್ತಿಲ್ಲ, ನೀಡಲ್ ಸ್ವಲ್ಪ ಬಿಚ್ಚಿ. ಸೆಲ್ ಕಿತ್ತೊಡನೆ ಸುಸ್ತಾದರೆ ಇಂಧನ ಹೆಚ್ಚಾಗಿದೆ, ಇಲ್ಲವೇ ಪ್ಲಗ್ ಹಳತಾಗಿದೆ. ಮೆಥನಾಲ್ ನೀರು ಕುಡಿದಿರಲೂಬಹುದು. ಮುಂಬೈ ಮಳೆಗಾಲದಲ್ಲಿ ಮುಚ್ಚಳ ಸಡಿಲವಾದ ಡಬ್ಬಿ ಇಟ್ಟರೆ ಮುಗೀತು ಮಾರಾಯ್ರೆ! ನೆಲದ ಮೇಲೆ ಚೆನ್ನಾಗಿ ಓಡಿ, ಮೂತಿ ಮೇಲೆತ್ತಿದಾಗ ನಿಂತರೆ? ಟ್ಯಾಂಕು ನೀಡಲ್‌ನ ಮಟ್ಟಕ್ಕಿಂತ ಕೆಳಗಾದಾಗ ಇಂಧನದ ಒತ್ತಡ ಕಡಿಮೆಯಾಗುತ್ತೆ. ಅದಕ್ಕೇ ಹಾರಿಸುವ ಮುಂಚೆ ಯಾರಾದರೂ ವಿಮಾನವನ್ನು ಗಟ್ಟಿಯಾಗಿ ಹಿಡಿದು ಮೂತಿ ಎತ್ತಿ ನೋಡೋದು. ಫ್ಯಾನ್ ಎದುರಿಗೆ ಮಾತ್ರ ನಿಲ್ಲಬಾರದು.

ಒಂದು ಕಡೆ ಮಾತ್ರ ಬಲ ಪ್ರಯೋಗಿಸಲೇಬಾರದು. ಫ್ಯಾನ್ ತಿರುಗಿಸುವಾಗ ಗಕ್ಕನೆ ಸಿಕ್ಕಿಕೊಂಡರೆ ಸಿಲಿಂಡರಿನಲ್ಲಿ ಇಂಧನ ತುಂಬಿರಬಹುದು, ದ್ರವ ಒತ್ತಿದರೆ ಕುಗ್ಗಲ್ಲ. ಜಬರದಸ್ತಿ ಮಾಡಿದರೆ ಕನೆಕ್ಟಿಂಗ್ ರಾಡ್ ಬಾಗುತ್ತೆ. ಪ್ಲಗ್ ತೆಗೆದು, ತಿರುಗಿಸಿ, ಇಂಧನ ಹೊರಹಾಕಿ. ಬೆರಳ ಬದಲು ಕೋಲಿನಿಂದ ತಿರುಗಿಸಿ. ಮೆಥನಾಲ್ ಬಗ್ಗೆಯೂ ಹುಷಾರು! ಕಳ್ಳಭಟ್ಟಿ ದುರಂತಗಳಲ್ಲಿ ಕಣ್ಣು, ಪ್ರಾಣ ತೆಗೆದ ವಿಷ ಇದು. ಹೊತ್ತಿಕೊಂಡರೆ ಹಗಲಲ್ಲಿ ಜ್ವಾಲೆ ಕಾಣೋದೇ ಕಷ್ಟ.

ಈಗ ಲಿಥಿಯಂ ಬ್ಯಾಟರಿ, ಬ್ರಶ್‌ಲೆಸ್ ಮೋಟರ್ ಬಂದು ಗ್ಲೋ ಇಂಜಿನ್ ಬಳಸುವವರು ಕಡಿಮೆಯಾಗಿದ್ದಾರೆ. ಬ್ಯಾಟರಿಯ ಭಾರ ಇಳಿಸಲು ಹುಟ್ಟಿದ್ದನ್ನ ಬ್ಯಾಟರಿಯೇ ಮೂಲೆಗೆ ತಳ್ಳಿತು ಅಂದ್ರೆ ನಗು ಬರುತ್ತೆ. ಊರಿನ ಮನೆ ಟ್ರಂಕಿನಲ್ಲಿ ಇಂಥದ್ದೊಂದು ಗಟ್ಟಿ ಹಿಡಿದು ಕೂತಿದ್ದರೆ ಗುಜರಿಗೆ ತೂಕಕ್ಕೆ ಹಾಕಬೇಡಿ. ಅದು ಕೆಟ್ಟಿರಬೇಕಂತಿಲ್ಲ, ಹರಳೆಣ್ಣೆ ಒಣಗಿ ಮೇಣದಂತೆ ಅಂಟಿಕೊಂಡಿರಬಹುದು. ಒಳಗೆ ಮೆಥನಾಲ್ ಇಲ್ಲವೆಂದು ಖಾತ್ರಿ ಮಾಡಿಕೊಂಡು ಹೇರ್ ಡ್ರೈಯರ್‌ನಿಂದ ಬಿಸಿ ಮಾಡಿ, ನಾಲ್ಕು ಹನಿ ಎಣ್ಣೆ ಬಿಟ್ಟು ರಾತ್ರಿಯಿಡೀ ಇಡಿ. ಬೆಳಿಗ್ಗೆ ಕೈಯಲ್ಲಿ ಮೆಲ್ಲಗೆ ತಿರುಗಿಸಿ.