ಮೈಸೂರು ಸೀಮೆಯಿಂದ ಜಾವಾ ದ್ವೀಪಕ್ಕೆ

ಪೂರ್ವಸಮುದ್ರದ ಜಾವಾ, ಸುಮಾತ್ರಾ ಮೊದಲಾದ ದ್ವೀಪಗಳು ಈಗ ಇಂಡೋನೇಷಿಯಾ ಎಂಬ ಸ್ವತಂತ್ರ ರಾಷ್ಟ್ರವಾಗಿವೆ. ಅಲ್ಲಿಯ ಗಿಡಮರಗಳನ್ನೂ, ದೇವಾಲಯಗಳನ್ನೂ, ಜನರ ಭಾಷೆ ಆಚಾರಗಳನ್ನೂ ಶಾಸ್ತ್ರರೀತಿಯಿಂದ ಪರಿಶೋಧಿಸುವ ಕಾರ್ಯವು ಹತ್ತೊಂಬತ್ತನೆಯ ಶತಮಾನದ ಆದಿಯಲ್ಲಿ ಬಹು ಭರದಿಂದ ನಡೆಯಿತು. ಆ ಕಾರ್ಯದಲ್ಲಿ ಹೆಸರು ಪಡೆದವರ ಪೈಕಿ ಮೂವರು, ಹಡಗು ಹತ್ತುವ ಮುನ್ನ, ನಮ್ಮ ಮೈಸೂರು ಸೀಮೆಯಲ್ಲಿ ದುಡಿದವರೆಂಬ ಸಂಗತಿ ಅನೇಕರಿಗೆ ತಿಳಿದಿರಲಾರದು. ಅವರು ಇಲ್ಲಿ ಕಲಿತದ್ದೇನು, ಅಲ್ಲಿ ಮಾಡಿದ್ದೇನು ಎಂಬುದನ್ನು ಈ ಹೊತ್ತು ವಿಚಾರಿಸೋಣ.

1799ರಲ್ಲಿ ಶ್ರೀರಂಗಪಟ್ಟಣವು ಬಿದ್ದೊಡನೆ ಕಂಪೆನಿಯ ಗವರ್ನರ್ ಜನರಲ್ ವೆಲ್ಲೆಸ್ಲಿಯು ಈ ದೇಶದ ಸ್ಥಿತಿಗತಿಗಳನ್ನು ತಿಳಿಯಲು ಎರಡು ಏರ್ಪಾಟುಗಳನ್ನು ಮಾಡಿದನು. ಮೊದಲನೆಯದು ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯನ ಸಂಚಾರ. 1800ರಲ್ಲಿ ಮದರಾಸಿನಿಂದ ಹೊರಟ ಆತನು ತುಮಕೂರು ಪ್ರಾಂತವನ್ನೂ ಹಾದು ಗುಬ್ಬಿಗೆ ಬಂದನು. ಅಡಕೆ, ಕೊಬ್ಬರಿ, ಬಟ್ಟೆಗಳ ವ್ಯಾಪಾರಕ್ಕೆ ಹೆಸರಾದ ಆ ಪೇಟೆಯ ಸಂತೆಯನ್ನು ಕುರಿತು ವಿವರವಾಗಿ ಬರೆದುಕೊಂಡನು. ರೈತರನ್ನು ಕರೆದು ಬಿತ್ತನೆಯ ಕಾಲವನ್ನು ಕೇಳಿದನು. ವರ್ತಕರಿಂದ ತೂಕ ಅಳತೆಗಳನ್ನು ತಿಳಿದನು. ದಾರಿಯ ಗಿಡಗಳಿಗೆ ಜನರಿಟ್ಟ ಹೆಸರನ್ನು ಗುರುತುಹಾಕಿದನು. ಆತನ ಮೂರು ಸಂಪುಟಗಳ ಗ್ರಂಥವು 1807ರಲ್ಲಿ ಲಂಡನ್ನಿನಲ್ಲಿ ಅಚ್ಚಾಯಿತು.

ಎರಡನೆಯದು ಕಾಲಿನ್ ಮೆಕೆಂಜಿಯ ಮೈಸೂರು ಸರ್ವೆ. ಈತನು ಅಳತೆಯ ಸರಪಳಿಯಿಂದಲೇ ತೃಪ್ತನಾದವನಲ್ಲ. ಊರುಗಳ ಎಲ್ಲೆ, ಕೆರೆಗಳ ಲೆಕ್ಕ, ಮಣ್ಣಿನ ಗುಣ ಇವುಗಳ ಜೊತೆಗೆ ಸ್ಥಳಪುರಾಣ, ಪಾಳೆಯಗಾರರ ವಂಶಾವಳಿ, ಶಾಸನಗಳ ನಕಲುಗಳನ್ನೂ ಕೂಡಿಹಾಕಿದನು. ಕುಣಿಗಲು ಕೆರೆಯಂಥ ಒಂದು ಜಲಾಶಯದ ವಿಸ್ತಾರವು ಅಳತೆಯವರ ಕಡತದಲ್ಲಿ ದೊರೆಯಬಹುದು; ಆ ಕೆರೆಯನ್ನು ಜನರು ಯಾವ ಕಣ್ಣಿನಿಂದ ಕಂಡರೆಂಬುದು ಅದರ ಮೇಲೆ ಹೆಂಗಸರು ಗಂಡಸರು ಹಾಡಿಕೊಂಡು ಬಂದ ಪದಗಳಲ್ಲಿ ಮಾತ್ರ ದೊರೆಯುತ್ತದೆ. ಈ ಎರಡು ಬಗೆಯ ತಿಳಿವಳಿಕೆಯೂ ಕೂಡಬೇಕೆಂಬುದೇ ಮೆಕೆಂಜಿಯ ಪದ್ಧತಿಯ ಸಾರ.

ಈ ಪದ್ಧತಿಯು ನಡೆದದ್ದು ನಮ್ಮವರ ಬೆಂಬಲದಿಂದ. ಮೆಕೆಂಜಿಗೆ ಕನ್ನಡವೂ ಬಾರದು, ಸಂಸ್ಕೃತವೂ ಬಾರದು. ಕಾವಲಿ ವೆಂಕಟ ಬೋರಯ್ಯನೆಂಬ ತರುಣ ವಿದ್ವಾಂಸನು ಊರೂರು ತಿರುಗಿ, ಗೌಡ ಶಾನುಭೋಗರ ಮನವೊಲಿಸಿ, ಹಳಗನ್ನಡದ ಶಾಸನಗಳನ್ನು ಬಿಡಿಸಿ ಓದಿದನು. 1803ರಲ್ಲಿ ಅವನು ಅಕಾಲಮರಣಕ್ಕೆ ತುತ್ತಾದ ಮೇಲೆ ತಮ್ಮನಾದ ಲಕ್ಷ್ಮಯ್ಯನು ಆ ಹೊಣೆಯನ್ನು ಹೊತ್ತನು. ಜೈನ ಪಂಡಿತನಾದ ಧರ್ಮಯ್ಯನೂ ಇವರೊಡನಿದ್ದನು. 1816ರಲ್ಲಿ ಥಾಮಸ್ ಹಿಕಿ ಎಂಬ ಚಿತ್ರಗಾರನು ಬರೆದ ಮೆಕೆಂಜಿಯ ಪಟದಲ್ಲಿ ಮೂವರು ಭಾರತೀಯ ಸಹಾಯಕರು ಅವನ ಮಗ್ಗುಲಲ್ಲಿ ನಿಂತಿದ್ದಾರೆ. ಹಿಂದೆ ದೂರದಲ್ಲಿ ಗೊಮ್ಮಟೇಶ್ವರನ ಮೂರ್ತಿ ಕಾಣುತ್ತದೆ.

ಸರ್ವೆಯ ಬಳಗದಲ್ಲಿ ಬೆಂಜಮಿನ್ ಹೈನೆ ಎಂಬ ಸಸ್ಯಶಾಸ್ತ್ರಜ್ಞನಿದ್ದನು. ಬೆಂಗಳೂರಿನ ಲಾಲ್‌ಬಾಗಿನ ಆಡಳಿತದೊಡನೆಯೂ ಅವನಿಗೆ ಸಂಬಂಧವಿತ್ತು. 1804ರಲ್ಲಿ ಜಾನ್ ಲೇಡನ್ ಎಂಬ ಸ್ಕಾಟ್ಲೆಂಡಿನ ಕವಿಯು ವೈದ್ಯನಾಗಿಯೂ ಪ್ರಕೃತಿಶಾಸ್ತ್ರಜ್ಞನಾಗಿಯೂ ಬಂದು ಸೇರಿದನು. ಮೈಸೂರು ಸೀಮೆಯ ಜ್ವರವು ಲೇಡನ್ನನನ್ನು ಹಾಸಿಗೆ ಹಿಡಿಸಿತು. ಹವೆ ಬದಲಾಯಿಸಲೆಂದು ಅವನು 1805ರಲ್ಲಿ ಪಿನಾಂಗ್ ದ್ವೀಪಕ್ಕೆ ಹೋದನು. ಅಲ್ಲಿ ಮಲಯ ಭಾಷೆಯ ಮೋಹವು ಅವನನ್ನು ಹಿಡಿಯಿತು. ಸ್ಟ್ಯಾಂಫರ್ಡ್ ರಾಫಲ್ಸನ ಸ್ನೇಹವೂ ದೊರೆಯಿತು. ಮಲಯ ಅರಸರ ಚರಿತ್ರೆಯನ್ನು ಅವನು ಇಂಗ್ಲಿಷಿಗೆ ತಿರುಗಿಸಿದನು. ಆದರೆ ಆ ಗ್ರಂಥವು 1821ರಲ್ಲಿ ಪ್ರಕಟವಾಗುವ ಹೊತ್ತಿಗೆ ಅವನಿರಲಿಲ್ಲ. 1811ರಲ್ಲಿ ಇಂಗ್ಲಿಷರು ಡಚ್ಚರ ಅಧೀನದಲ್ಲಿದ್ದ ಜಾವಾವನ್ನು ಮುತ್ತಿದಾಗ ಅವನು ದಂಡಿನೊಡನೆ ಹೋಗಿ, ಬಟಾವಿಯಾ ನಗರದಲ್ಲಿ ಜ್ವರದಿಂದ ತೀರಿಕೊಂಡನು. ಅದೇ ದಂಡಿನಲ್ಲಿ ಎಂಜಿನಿಯರನಾಗಿ ಮೆಕೆಂಜಿಯೂ ಇದ್ದನು. ಹೈನೆಯು 1814ರಲ್ಲಿ ಪ್ರಕಟಿಸಿದ ತನ್ನ ಪ್ರವಾಸಗ್ರಂಥದಲ್ಲಿ ದಕ್ಷಿಣ ಹಿಂದೂಸ್ಥಾನದ ವೃತ್ತಾಂತದ ಜೊತೆಗೆ ಸುಮಾತ್ರಾ ದ್ವೀಪದ ವರ್ಣನೆಯನ್ನೂ ಸೇರಿಸಿದನು.

ಜಾವಾದಲ್ಲಿ ಇವರಿಗೆ ಮುಂಚೆಯೇ ಥಾಮಸ್ ಹಾರ್ಸ್‌ಫೀಲ್ಡ್ ಎಂಬ ಅಮೆರಿಕದ ವೈದ್ಯನು ಮೂಲಿಕೆಗಳನ್ನು ಶೋಧಿಸುತ್ತಿದ್ದನು. ಉಪಾಸ್ ಎಂಬ ವಿಷವೃಕ್ಷದ ಗಾಳಿ ಸೋಕಿದರೆ ಹರಿದಾರಿಗಟ್ಟಲೆ ದೂರದ ಪ್ರಾಣಿಗಳೂ ಸಾಯುತ್ತವೆಂದು ಯೂರೋಪಿನಲ್ಲಿ ಕಥೆ ಹಬ್ಬಿತ್ತು. ಹಾರ್ಸ್‌ಫೀಲ್ಡನು ಮರವನ್ನು ಕಣ್ಣಾರೆ ಕಂಡು, ಅದರ ಹಾಲಿನಿಂದ ಬಾಣದ ವಿಷವನ್ನು ಸಿದ್ಧಪಡಿಸುವ ಕ್ರಮವನ್ನು ಸ್ಥಳೀಯರಿಂದ ತಿಳಿದು, ಆ ಕಥೆ ಸುಳ್ಳೆಂದು ತೋರಿಸಿದನು. ಅದೇ ಜಾತಿಯ ಮರವು ನಮ್ಮ ಪಶ್ಚಿಮಘಟ್ಟದ ಕಾಡುಗಳಲ್ಲಿಯೂ ಉಂಟು. ಅದರ ತೊಗಟೆಯಿಂದ ಕಾಡಿನ ಜನರು ಚೀಲಗಳನ್ನು ಮಾಡಿಕೊಳ್ಳುತ್ತಿದ್ದರೇ ಹೊರತು ಅದರ ನೆರಳಿಗೆ ಹೆದರಿ ಓಡಲಿಲ್ಲ.

1812ರ ಜನವರಿಯಲ್ಲಿ ಮೆಕೆಂಜಿಯು ಪ್ರಂಬನನ್ ಎಂಬಲ್ಲಿಯ ಪಾಳುಗುಡಿಗಳನ್ನು ನೋಡಿದನು. ಶಿವ, ಗಣಪತಿ, ಮಹಿಷಮರ್ದಿನಿಯರ ಆ ವಿಗ್ರಹಗಳು ಮೈಸೂರಿನಲ್ಲಿ ವರ್ಷಗಟ್ಟಲೆ ಗುಡಿಗಳನ್ನು ಕಂಡವನಿಗೆ ಅಪರಿಚಿತವಾಗಿ ತೋರಲಿಲ್ಲ. ಅಲ್ಲಿಯ ಜನರಾದರೋ ಬೇರೆ ಕಥೆಯನ್ನು ಹೇಳುತ್ತಾರೆ. ರಾರಾ ಜೊಂಗ್ರಾಂಗ್ ಎಂಬ ರಾಜಕುಮಾರಿಯು ತನ್ನನ್ನು ಬಯಸಿದ ವೀರನಿಗೆ ಒಂದೇ ಇರುಳಿನಲ್ಲಿ ಸಾವಿರ ಗುಡಿಗಳನ್ನು ಕಟ್ಟುವಂತೆ ಪಣವೊಡ್ಡಿದಳಂತೆ. ಕೆಲಸ ಮುಗಿಯುತ್ತ ಬಂದಾಗ ಅವಳು ಹೆಂಗಸರಿಂದ ಭತ್ತ ಕುಟ್ಟಿಸಿ, ಬೆಳಗಾಯಿತೆಂದು ಕೋಳಿಗಳು ಕೂಗುವಂತೆ ಮಾಡಿದಳಂತೆ. ಅವನು ಕೆರಳಿ ಶಪಿಸಲು ಅವಳೇ ಕಲ್ಲಾದಳಂತೆ. ನಾವು ಮಹಿಷಮರ್ದಿನಿ ಎನ್ನುವ ಮೂರ್ತಿಯನ್ನು ಅವರು ಆ ರಾಜಕುಮಾರಿಯೆಂದು ಕರೆಯುತ್ತಾರೆ.

ತುಮಕೂರಿಗೆ ಸಮೀಪದ ಕೈದಾಳವನ್ನು ಬಲ್ಲವರಿಗೆ ಇದು ಹೊಸದಲ್ಲ. ಜಕಣಾಚಾರಿಯು ತನ್ನ ಬಲಗೈಯನ್ನು ತಾನೇ ಕಡಿದುಕೊಂಡದ್ದನ್ನೂ, ಚೆನ್ನಕೇಶವನ ಗುಡಿಯನ್ನು ಕಟ್ಟಿದಾಗ ಆ ಕೈ ಮರಳಿ ಬಂದದ್ದನ್ನೂ ಕೇಳದವರಾರು? ಅಲ್ಲಿಯ ಹನ್ನೆರಡನೆಯ ಶತಮಾನದ ಶಾಸನವಾದರೋ ಹೊಯ್ಸಳರ ಸಾಮಂತನಾದ ಬಾಚಿಯ ಹೆಸರನ್ನು ಹೇಳುತ್ತದೆ. ಪ್ರಂಬನನ್ನಿನ ಸಂಗತಿಯೂ ಹೀಗೆಯೇ. 856ರ ಶಾಸನವೊಂದು ಶಿವಗೃಹವೊಂದರ ನಿರ್ಮಾಣವನ್ನು ವರ್ಣಿಸುತ್ತದೆ. ಅದು ಈ ಗುಡಿಯೇ ಎಂಬುದು ವಿದ್ವಾಂಸರಲ್ಲಿ ಬಹುಮಂದಿಯ ಮತ. ಶಾಸನವು ಕಟ್ಟಿಸಿದವನನ್ನು ನೆನೆಯುತ್ತದೆ, ಕಥೆಯು ಕಟ್ಟಿದ ಕೈಯನ್ನು ನೆನೆಯುತ್ತದೆ. ಇತಿಹಾಸಕಾರನಿಗೆ ಎರಡೂ ಬೇಕು.

ಇಷ್ಟನ್ನು ಹೇಳಿ ನಿಲ್ಲಿಸಿದರೆ ಚಿತ್ರವು ಅರೆಯಾದೀತು. ಈ ಶೋಧನೆಯ ಹಿಂದೆ ಕಂದಾಯದ ಲೆಕ್ಕವಿತ್ತು, ಮುಂದೆ ಬಂದೂಕವಿತ್ತು. 1812ರ ಜೂನಿನಲ್ಲಿ ಇಂಗ್ಲಿಷ್ ದಂಡು ಯೋಗ್ಯಕರ್ತದ ಅರಮನೆಯನ್ನು ಸೂರೆಮಾಡಿತು. ಅಲ್ಲಿಯ ಪುಸ್ತಕಭಂಡಾರದ ಹಸ್ತಪ್ರತಿಗಳು ರಾಫಲ್ಸ್, ಮೆಕೆಂಜಿ ಮೊದಲಾದವರ ಕೈಸೇರಿದುವು. ಹತ್ತನೆಯ ಶತಮಾನದ ಒಂದು ದೊಡ್ಡ ಶಾಸನಶಿಲೆಯು ಲಾರ್ಡ್ ಮಿಂಟೋವಿಗೆ ಕಾಣಿಕೆಯಾಗಿ ಹಡಗೇರಿ ಸ್ಕಾಟ್ಲೆಂಡಿಗೆ ಹೋಯಿತು. 1817ರಲ್ಲಿ ರಾಫಲ್ಸನ ಜಾವಾ ಚರಿತ್ರೆಯು ಪ್ರಕಟವಾಗಿ ಯೂರೋಪು ಮೆಚ್ಚಿತು. ಜಾವಾದವರಿಗೆ ತಮ್ಮ ಅರಸರ ಗ್ರಂಥಗಳನ್ನು ನೋಡಲು ಪರದೇಶಕ್ಕೆ ಹೋಗಬೇಕಾಗಿ ಬಂದಿತು.

ಹೆಸರಿನ ಮಾತನ್ನೂ ಯೋಚಿಸಬೇಕು. 1818ರಲ್ಲಿ ಸುಮಾತ್ರಾದ ಕಾಡಿನಲ್ಲಿ ಸುಮಾರು ಒಂದು ಗಜ ಅಗಲದ ಅದ್ಭುತ ಪುಷ್ಪವೊಂದು ಕಂಡುಬಂದಿತು. ಅದಕ್ಕೆ ರಾಫಲ್ಸನ ಹೆಸರೂ, ಅವನ ಜೊತೆಗಿದ್ದ ಜೋಸೆಫ್ ಅರ್ನಾಲ್ಡ್ ಎಂಬ ವೈದ್ಯನ ಹೆಸರೂ ನಿಂತುವು. ಅದನ್ನು ಮೊದಲು ಕಂಡು ಓಡಿಬಂದು ತಿಳಿಸಿದವನು ಒಬ್ಬ ಮಲಯ ಸೇವಕ. ಅವನ ಹೆಸರನ್ನು ಯಾರೂ ಬರೆದಿಡಲಿಲ್ಲ. ಮೈಸೂರು ಸರ್ವೆಯ ಸಹಾಯಕರ ಹೆಸರುಗಳಾದರೂ ಉಳಿದವು. ಆದರೆ ಹೆಸರು ಉಳಿದುದರಿಂದ ಪದವಿ ದೊರೆಯಲಿಲ್ಲ. 1821ರಲ್ಲಿ ಮೆಕೆಂಜಿಯು ಸತ್ತ ತರುವಾಯ, ಆ ಸಂಗ್ರಹದ ಕೆಲಸವನ್ನು ತಾನೇ ಮುಂದುವರಿಸುವೆನೆಂದು ಲಕ್ಷ್ಮಯ್ಯನು ಬೇಡಿಕೊಂಡಾಗ ಕಲ್ಕತ್ತೆಯ ವಿದ್ವಾಂಸರು ಅದಕ್ಕೆ ಒಪ್ಪಲಿಲ್ಲ.

1904ರಲ್ಲಿ ರೈಸ್ ಸಾಹೇಬರು ತುಮಕೂರು ಜಿಲ್ಲೆಯ ಶಾಸನಗಳನ್ನು ಒಂದು ಸಂಪುಟವಾಗಿ ಪ್ರಕಟಿಸಿದರು. ತುಮಕೂರು, ಗುಬ್ಬಿ, ಕುಣಿಗಲು ತಾಲ್ಲೂಕುಗಳ ಹಳ್ಳಿಗಳಲ್ಲಿ ಕೆರೆಯ ಏರಿಯ ಮೇಲೆ, ಗುಡಿಯ ಮುಂದೆ ನಿಂತ ಕಲ್ಲುಗಳ ಪಾಠವು ಅದರಲ್ಲಿ ಅಚ್ಚಾಗಿದೆ. ಅಕ್ಷರವು ಗ್ರಂಥಕ್ಕೆ ಹೋದರೂ ಕಲ್ಲು ಊರಿನಲ್ಲಿ ಉಳಿಯಿತು. ಪಾಠದಲ್ಲಿ ಸಂದೇಹ ಬಂದವನು ಆ ಊರಿಗೆ ಹೋಗಿ ಓದಬಹುದಾಗಿತ್ತು. ಜಾವಾದ ಶಿಲೆಗೆ ಈ ಭಾಗ್ಯವಿರಲಿಲ್ಲ. ಪರಸ್ಥಳದ ವಸ್ತುವನ್ನು ಅರಿಯಬಯಸುವವನು ಅದನ್ನು ಅದರ ನೆಲೆಯಲ್ಲಿಯೇ ಬಿಟ್ಟು, ಅರಿವು ಕೊಟ್ಟವನ ಹೆಸರನ್ನು ಮೊದಲ ಪಂಕ್ತಿಯಲ್ಲಿ ಬರೆಯಬೇಕು. ನಮ್ಮ ಊರುಗಳ ಸಸ್ಯಗಳನ್ನೂ ಹಾಡುಗಳನ್ನೂ ಕೂಡಿಹಾಕಲು ಹೊರಡುವ ತರುಣರು ಈ ಒಂದು ನಿಯಮವನ್ನು ಮರೆಯದಿರಲಿ.